ನಾಲ್ಕು ಗಂಟೆಗೆ ನಡುಗುವ ಬಾಣ

ನನಗೆ ದೆವ್ವಗಳಲ್ಲಿ ನಂಬಿಕೆಯಿಲ್ಲ, ಭಯ ಮಾತ್ರ ಇದೆ. ಆದ್ದರಿಂದ ಹಾಡುಹಗಲಲ್ಲಿ, ಸಂಜೆ ನಾಲ್ಕಕ್ಕೆ, ಕಂಪ್ಯೂಟರ್ ಪರದೆಯ ಮೇಲಿನ ಬಾಣ ತಾನಾಗಿ ನಡುಗಿದಾಗ ಕಾಫಿ ಲೋಟ ಕೆಳಗಿಟ್ಟು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡೆ. ಮೌಸ್ ಮುಟ್ಟಿಲ್ಲ ಅಂತ ನನಗೇ ಸಾಕ್ಷಿ ಬೇಕಿತ್ತು. ಬಾಣ ಒಮ್ಮೆ ನಡುಗಿತು, ನಿಂತಿತು, ಇನ್ನೊಮ್ಮೆ ನಡುಗಿತು. ಮರುದಿನವೂ ಅದೇ ಹೊತ್ತಿಗೆ, ಎರಡೇ ಸಲ.

ಸಾಮಾನ್ಯವಾಗಿ ಆ ಹೊತ್ತಿಗೆ ಕಂಪ್ಯೂಟರ್ ಎಚ್ಚರವಾಗಿರುತ್ತದೆ, ನಾನು ನಿದ್ದೆಯಲ್ಲಿರುತ್ತೇನೆ. ಹಾಗಾಗಿ ಇದು ಎಂದಿನಿಂದ ನಡೆದಿದೆಯೋ ಗೊತ್ತಿಲ್ಲ. ಹಲ್ಲಿ ಲೊಚಗುಟ್ಟಿದರೆ ಯಾವ ದಿಕ್ಕಿಗೆ ಯಾವ ಫಲ ಎಂದು ಪಂಚಾಂಗದಲ್ಲಿ ಒಂದು ಪುಟವೇ ಇದೆ. ಬಾಣ ಈಶಾನ್ಯದಲ್ಲಿ ನಡುಗಿದರೆ ಏನೆಂದು ಬರೆದಿಲ್ಲ. ನಾಚಿಕೆಯಿಲ್ಲದೆ ಹುಡುಕಿಯೂ ನೋಡಿದೆ.

ಈ ಹಳೇ ಕಂಪ್ಯೂಟರನ್ನು ಜೋಡಿಸಿ ಲಿನಕ್ಸ್ ಹಾಕಿಕೊಟ್ಟವನು ಗೆಳೆಯ ರಹಮತ್, ಆರ್.ಟಿ. ನಗರದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದವನು. ಫೋನ್ ವೈರಿನಿಂದ ಇಂಟರ್ನೆಟ್ ತರುವ ಮಾಡೆಮ್ ಕಾರ್ಡನ್ನು ಒಳಗೆ ಕೂರಿಸಿದ ದಿನವೇ ಹೇಳಿದ್ದ, ಮೌಸಿಗೂ ಮಾಡೆಮ್ಮಿಗೂ ಒಂದೇ ಇಂಟರಪ್ಟ್ ಬಿದ್ದಿದೆ, ಒಂದು ದಿನ ಬಂದು ಸರಿಮಾಡುತ್ತೇನೆ ಎಂದು. ಇಂಟರಪ್ಟ್ ಅಂದರೆ ಕರೆಗಂಟೆ. ಮೇಲಿನ ಮನೆಗೂ ಕೆಳಗಿನ ಮನೆಗೂ ಒಂದೇ ಗಂಟೆಯಿದ್ದರೆ ನೆಂಟರು ಯಾರ ಮನೆಗೆ ಬಂದರೋ ತಿಳಿಯುವುದಿಲ್ಲವಲ್ಲ, ಹಾಗೆ. ಆ ಒಂದು ದಿನ ಬರಲೇ ಇಲ್ಲ. ರಹಮತ್ ತೀರಿಕೊಂಡು ಏಳು ತಿಂಗಳಾಯಿತು. ಮಣ್ಣಿಗೆ ಹೋಗಿದ್ದೆ. ಆಮೇಲೆ ಅವನ ಹೆಂಡತಿ ಶಾಹೀನ್ ಅವರನ್ನು ಒಮ್ಮೆಯೂ ನೋಡಲು ಹೋಗಲಿಲ್ಲ. ಏನು ಮಾತಾಡಬೇಕೋ ತಿಳಿಯದೆ ಇವತ್ತು ನಾಳೆ ಎಂದು ತಪ್ಪಿಸಿಕೊಂಡೆ. ಇದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಮೂರನೆಯ ದಿನ ಧೈರ್ಯ ಮಾಡಿ ಮಾಡೆಮ್ಮಿನ ದಾಖಲೆ ತೆರೆದೆ. ಪ್ರತಿದಿನ ನಾಲ್ಕಕ್ಕೆ ಎರಡು ರಿಂಗ್, ತಿಂಗಳುಗಟ್ಟಲೆ. ಮಾಡೆಮ್ಮಿಗೆ ಬಂದ ಫೋನಿನ ಗಂಟೆಗೆ ಮೌಸಿನ ಬಾಣ ಓಗೊಡುತ್ತಿತ್ತು. ನಮ್ಮ ಲ್ಯಾಂಡ್‌ಲೈನ್ ಫೋನು ಕೆಟ್ಟು ಅಟ್ಟ ಸೇರಿ ಎಷ್ಟೋ ಕಾಲವಾಗಿದೆ, ವೈರು ಮಾತ್ರ ಮಾಡೆಮ್ಮಿನಲ್ಲೇ ಉಳಿದಿದೆ. ವಿದ್ಯಾರಣ್ಯಪುರದ ನಮ್ಮ ಮನೆಯಿಂದ ಬಸ್ಸು ಹತ್ತಿದ ರಹಮತ್, ತನ್ನ ಮನೆ ಸೇರಿದೊಡನೆ ಎರಡು ರಿಂಗ್ ಕೊಟ್ಟು ಕಟ್ ಮಾಡುತ್ತಿದ್ದ. ತಲುಪಿದೆ ಅಂತ ಅರ್ಥ. ಈಗ ಎಲ್ಲಿಗೆ ತಲುಪಿ ಹೇಳುತ್ತಿದ್ದಾನೆ?

ಮಾಡೆಮ್ಮಿಗೆ ಬೇರೆ ಇಂಟರಪ್ಟ್ ಕೊಡಲು ಒಂದೇ ಸಾಲಿನ ಕಮಾಂಡ್ ಸಾಕಿತ್ತು. ಕೊಟ್ಟರೆ ಬಾಣ ಸುಮ್ಮನಾಗುತ್ತದೆ, ನಾನೂ ಸುಮ್ಮನಿರಬಹುದು. ಸಾಲನ್ನು ಪೂರ್ತಿ ಟೈಪ್ ಮಾಡಿದೆ. ಎಂಟರ್ ಒತ್ತಲು ಬೆರಳು ಬಗ್ಗಲಿಲ್ಲ.

ಎದುರು ಮನೆಯವರಿಂದ ಒಂದು ಹಳೇ ಫೋನು ಕೇಳಿ ತಂದು ವೈರಿಗೆ ಸಿಕ್ಕಿಸಿದೆ. ಮರುದಿನ ನಾಲ್ಕಕ್ಕೆ ಅದು ಬಡಿದುಕೊಂಡಿತು. ಮೊದಲ ರಿಂಗಿಗೇ ಎತ್ತಿದೆ. ಆ ಕಡೆ ಉಸಿರು ಮಾತ್ರ ಕೇಳಿಸಿತು.

“ಭಾಯ್, ನೀವಾ?” ಶಾಹೀನ್ ಅವರ ದನಿ.

ರಹಮತ್ ತನ್ನ ಸ್ಕ್ರೂಡ್ರೈವರ್ ಚೀಲವನ್ನು ನನಗೇ ಕೊಡಬೇಕೆಂದು ಹೇಳಿ ಹೋಗಿದ್ದನಂತೆ. ಅವನ ಫೋನ್ ಪುಸ್ತಕದಲ್ಲಿ ನನ್ನದೆಂದು ಇದ್ದದ್ದು ಈ ನಂಬರ್ ಒಂದೇ.

“ದಿನಾ ಮಾಡ್ತೀನಿ ಭಾಯ್. ಎರಡು ರಿಂಗ್ ಆಗೋಷ್ಟರಲ್ಲಿ, ನೀವು ಎತ್ತಿದ್ರೆ ಏನ್ ಮಾತಾಡೋದು ಅಂತ ಭಯ ಆಗ್ಬಿಡುತ್ತೆ. ಇಟ್ಬಿಡ್ತೀನಿ.”

ಅವರಿಗೂ ಅದೇ ಭಯ, ನನಗೂ ಅದೇ. ಮರುದಿನವೇ ಹೋದೆ. ಚಹಾ ಕುಡಿದೆವು, ಹೆಚ್ಚೇನೂ ಮಾತಾಡಲಿಲ್ಲ, ಇಬ್ಬರೂ ಅತ್ತೆವು. ಹೊರಡುವಾಗ ಚೀಲ ಕೊಟ್ಟರು. ಮಾಡೆಮ್ ಬಿಚ್ಚಲು ಬೇಕಾದದ್ದೆಲ್ಲ ಅದರಲ್ಲಿದೆ. ನಾನಿನ್ನೂ ಬಿಚ್ಚಿಲ್ಲ.

ಮನೆಗೆ ಬಂದವನು ಚಪ್ಪಲಿಯನ್ನೂ ಕಳಚದೆ ಅವರ ನಂಬರ್ ಒತ್ತಿ ಎರಡು ರಿಂಗ್ ಕೊಟ್ಟು ಇಟ್ಟೆ. ಆ ಕಡೆ ಯಾರೂ ಎತ್ತಲಿಲ್ಲ. ಎತ್ತಬಾರದೆಂದು ಅವರಿಗೆ ಗೊತ್ತಿತ್ತು.