ಬೆನ್ನ ಹಿಂದಿನ ಹಸಿರು ದೀಪ

ಆತನಿಗೆ ಚಡಪಡಿಕೆ ಎಂಬುದೇ ಗೊತ್ತಿರಲಿಲ್ಲ. ತನ್ನವರ ವಿಷಯದಲ್ಲೂ ಅಷ್ಟೇ. ಅಕ್ಕ ಅವನಿಗೆ ಬಂಡೆ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಹೆಂಡತಿ ಹೆರಿಗೆ ಕೋಣೆಯಲ್ಲಿದ್ದಾಗ ಈತ ಹೊರಗಿನ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಿದರೆ, "ಆದಾಗ ಹೇಳ್ತಾರಲ್ಲ" ಎಂದು ಮಗ್ಗುಲು ಬದಲಿಸಿದ.

ಆ ಮಾತೇ ಅವನಿಗೆ ಅನ್ನ ಹಾಕುತ್ತಿತ್ತು. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಹೊರಗಿನ ಯಂತ್ರಗಳೊಡನೆ ಹೇಗೆ ಮಾತಾಡಬೇಕೆಂದು ಬರೆಯುವುದು ಅವನ ಉದ್ಯೋಗ. ಕಣ್ಣಾಸ್ಪತ್ರೆಯೊಂದರಲ್ಲಿ, ಯಾರ ಶಸ್ತ್ರಚಿಕಿತ್ಸೆ ಮುಗಿಯಿತೆಂದು ಹೊರಗೆ ಕಾಯುವವರಿಗೆ ತೋರಿಸುವ ಬೋರ್ಡಿತ್ತು. ಅದರ ಹಳೆಯ ಪ್ರೋಗ್ರಾಮು ಒಂದೊಂದೇ ಕೋಣೆಗೆ "ಮುಗೀತಾ?" ಎಂದು ಕೇಳಿ, ಉತ್ತರ ಬರುವ ತನಕ ಅಲ್ಲೇ ಬಾಯಿಬಿಟ್ಟುಕೊಂಡು ನಿಲ್ಲುತ್ತಿತ್ತು. ಒಂದು ಕೋಣೆ ತಡ ಮಾಡಿದರೆ ಮಿಕ್ಕವುಗಳ ಸುದ್ದಿಯೂ ಗೋತಾ. ಜನ ವಿಚಾರಣೆಯ ಕಿಟಕಿಗೆ ಮುತ್ತುತ್ತಿದ್ದರು. ಬಂಡೆ ಅದನ್ನು ಕಿತ್ತುಹಾಕಿ ಹೊಸದು ಬರೆದ. ಇದು ಎಲ್ಲ ಕೋಣೆಗಳಿಗೂ "ಆದಾಗ ಹೇಳಿ" ಎಂದು ಒಮ್ಮೆ ಹೇಳಿಟ್ಟು ತನ್ನ ಪಾಡಿಗೆ ಬೇರೆ ಕೆಲಸ ನೋಡಿಕೊಳ್ಳುತ್ತದೆ. ಯಾವ ಕೋಣೆಯಲ್ಲಿ ಮೊದಲು ಕೆಲಸ ಮುಗಿಸಿ ಗುಂಡಿ ಒತ್ತುತ್ತಾರೋ ಆ ರೋಗಿಯ ಸಂಖ್ಯೆಯ ಪಕ್ಕ ಹಸಿರು ದೀಪ. ಎಡವಟ್ಟಾದರೆ ಕೆಂಪು. ಯಾರೇ ಬಂದು ಕೇಳಿದರೂ ಬೋರ್ಡು ತೋರಿಸಿ ಕೂರಿಸಬೇಕೆಂದು ಕಿಟಕಿಯ ನರ್ಸಮ್ಮನಿಗೆ ಆತ ತಾಕೀತನ್ನೂ ಮಾಡಿದ್ದ.

ಆ ವರ್ಷವೇ ಅಮ್ಮನ ಕಣ್ಣಿಗೆ ಪೊರೆ ಬಂತು. ಒಂದು ಕಣ್ಣು ಎಂದೋ ಹೋಗಿತ್ತು, ಇದು ಉಳಿದದ್ದು. ಅದೇ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ. ಅಮ್ಮ ಮಾತ್ರ ನಗುತ್ತಲೇ ಒಳಗೆ ಹೋದಳು. ಕಣ್ಣು ಸರಿಹೋದರೆ ಇವನ ಮುಖ ಮತ್ತೆ ನೋಡಬೇಕಲ್ಲ, ಅದೊಂದೇ ಚಿಂತೆ ಎಂದಳು.

ಹೊರಗೆ ಕೂತು ಆತ ಅಕ್ಕನಿಗೆ ಬೋರ್ಡಿನ ಮಹಿಮೆಯನ್ನು ವಿವರಿಸತೊಡಗಿದ. ಅರ್ಧದಲ್ಲೇ ಎದ್ದು ಕಿಟಕಿಗೆ ಹೋಗಿಬಂದ. ಕುಡಿಯುವ ನೀರು ಎಲ್ಲಿದೆಯೆಂದು ಕೇಳಲು ಹೋಗಿದ್ದನಂತೆ. ನೀರಿನ ಕ್ಯಾನು ಅಕ್ಕನ ಪಕ್ಕದಲ್ಲೇ ಇತ್ತು. ಕೂತವನು ಮತ್ತೆ ಎದ್ದ. ಈ ಸಲ ಬೋರ್ಡಿನ ತಂತಿ ಸಡಿಲವಾಗಿದೆಯೇನೋ ಎಂಬ ಅನುಮಾನ.

ನರ್ಸಮ್ಮ ತಲೆ ಎತ್ತಲಿಲ್ಲ. "ಬೋರ್ಡು ಹೇಳುತ್ತೆ ಸಾರ್. ಕೂತ್ಕೊಳಿ."

"ಅದನ್ನ ಬರೆದವನೇ ನಾನು ಕಣಮ್ಮ."

"ನೀವೇ ನಂಬದಿದ್ರೆ ಬೇರೆಯವರನ್ನ ನಾನು ಹೇಗೆ ಕೂರಿಸಲಿ?"

ಬೆಂಚಿನವರು ಮುಸಿಮುಸಿ ನಕ್ಕರು. ಆತ ಹಿಂದಿರುಗಿದಾಗ ಅಕ್ಕ ಬಿಡಲಿಲ್ಲ.

"ಏನೋ, ಬಂಡೆ ಉರುಳ್ತಾ ಇದೆ?"

"ಕಾಲು ಜೋಮು ಹಿಡಿದಿದೆ ಕಣೇ ಅಕ್ಕ. ಅದಕ್ಕೇ ಓಡಾಡ್ತಾ ಇದ್ದೀನಿ."

ಆ ಜೋಮು ಹಿಡಿದ ಕಾಲು ಅವನನ್ನು ಮತ್ತೆ ಕಿಟಕಿಗೇ ಕರೆದೊಯ್ದಿತು. ಅಷ್ಟರಲ್ಲಿ ಅಮ್ಮನ ಸಂಖ್ಯೆಯ ಪಕ್ಕ ಹಸಿರು ದೀಪ ಹತ್ತಿತು, ಅವನು ಬರೆದಿದ್ದ ಹಾಗೆಯೇ, ಯಾರೂ ಕೇಳದೆ. ಅಲ್ಲಿದ್ದವರೆಲ್ಲ ಅದನ್ನು ಕಂಡರು. ಆತನೊಬ್ಬ ಮಾತ್ರ ಬೋರ್ಡಿಗೆ ಬೆನ್ನು ಹಾಕಿ, ಕಿಟಕಿಯ ಸರಳು ಹಿಡಿದು, "ಮುಗೀತಾ?" ಎಂದು ಕೇಳುತ್ತಿದ್ದ.