ಮಾತಾಡಬಾರದ ದಿನ

ಬಾಯಿಂದ ತೆಗೆದ ಹತ್ತಿಯುಂಡೆಗೆ ಲವಂಗದೆಣ್ಣೆಯ ವಾಸನೆ ಇತ್ತು. ಐವತ್ತು ವರ್ಷ ಕಳಂಕವಿಲ್ಲದೆ ಸೇವೆ ಸಲ್ಲಿಸಿದ ದವಡೆಹಲ್ಲೊಂದು ಮೊನ್ನೆ ಕುಂಬಳೆಯಲ್ಲಿ ನಿವೃತ್ತಿ ಹೊಂದಿತು. ಬೀಳ್ಕೊಡುಗೆಗೆ ಮೂರು ಇಂಜೆಕ್ಷನ್. ಒಂದು ದಿನ ಮಾತಾಡಬಾರದೆಂದು ಡಾಕ್ಟರರ ಅಪ್ಪಣೆ. ಹೆಂಡತಿ ಅದನ್ನು ಸಂತೋಷದಿಂದಲೇ ಸ್ವಾಗತಿಸಿದಳು. ನನಗೆ ಮಾತ್ರ ಆ ವಾಸನೆಗೆ ನೆರೆಮನೆಯ ಮಾಷ್ಟ್ರು ನೆನಪಾದರು…

ಅವರು ನಮ್ಮೂರಿನ ಕನ್ನಡ ಶಾಲೆಯ ಅಧ್ಯಾಪಕರು. ನಾನು ಮಗಳನ್ನು ಅಲ್ಲಿಂದ ಬಿಡಿಸಿ ಇಂಗ್ಲಿಷ್ ಶಾಲೆಗೆ ಸೇರಿಸಿದ ವರ್ಷ, ಜೂನ್ ತಿಂಗಳ ಸರಕಾರಿ ತಲೆಯೆಣಿಕೆಯಲ್ಲಿ ತರಗತಿಯ ಎರಡನೇ ಡಿವಿಷನ್ನಿಗೆ ಬೇಕಾದ ಲೆಕ್ಕಕ್ಕೆ ಒಂದು ಮಗು ಕಡಿಮೆ ಬಂತು. ಡಿವಿಷನ್ ಹೋಯಿತು, ಡಿವಿಷನ್ನಿನ ಜೊತೆ ಮಾಷ್ಟ್ರ ಹುದ್ದೆಯೂ. ಅವರನ್ನು ಪೆರ್ಲದ ಆಚೆಗಿನ ಶಾಲೆಗೆ ಹಾಕಿದರು. ದಿನಾ ಎರಡೆರಡು ಬಸ್ಸು. ಆ ಒಂದು ಮಗು ನನ್ನ ಮಗಳು. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ.

ವರ್ಷ ಕಳೆದು ನನ್ನ ಮೊದಲ ಹಲ್ಲು ಕೀಳಿಸಿದ ಸಂಜೆ, ಮಾಷ್ಟ್ರು ಅಗಿಯಬೇಕಿಲ್ಲದ ತಣ್ಣಗಿನ ರಾಗಿಮಣ್ಣಿಯ ಪಾತ್ರೆ ಹಿಡಿದು ಜಗಲಿ ಹತ್ತಿದರು.

“ಇವತ್ತು ನಿಮಗೆ ಮಾತಾಡ್ಲಿಕ್ಕಿಲ್ಲ ಅಂತೆ? ಒಳ್ಳೇದಾಯ್ತು. ಇಲ್ಲದಿದ್ರೆ ನಿಮ್ಮತ್ರ ಒಂದು ಮಾತು ಮುಗಿಸ್ಲಿಕ್ಕೆ ಉಂಟಾ ಮಾರಾಯ್ರೆ?”

ನಾನು ಹತ್ತಿ ಕಚ್ಚಿಕೊಂಡು ಗಂಭೀರವಾಗಿ ಕುಳಿತೆ. ಬೇರೆ ದಾರಿ ಇರಲಿಲ್ಲ.

“ಡಿವಿಷನ್ ಹೋದದ್ದು ಹೋಯ್ತು. ಮಗಳನ್ನು ಎಲ್ಲಿ ಬೇಕಾದ್ರೂ ಕಲಿಸಿ, ಅದು ನಿಮ್ಮಿಷ್ಟ. ಆದ್ರೆ ನನಗೊಂದು ಮಾತು ಹೇಳ್ಬಹುದಿತ್ತಲ್ಲಾ? ಅವಳು ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಹತ್ತುವಾಗ ನಾನು ಹಾಜರಿ ಪುಸ್ತಕ ಹಿಡ್ಕೊಂಡು ಗೇಟಿನಲ್ಲಿ ಕಾಯ್ತಿದ್ದೆ.”

ನಾನು ಜೋರಾಗಿ ತಲೆಯಾಡಿಸಿದೆ. “ತಲೆಯೆಲ್ಲ ಆಡಿಸ್ಬೇಡಿ, ರಕ್ತ ಬರ್ತದೆ,” ಎಂದು ಬೈದು, ಚಮಚ ಕೈಗಿತ್ತರು.

ಮರುದಿನ ಬಾಯಿ ಸರಿಯಾಯಿತು. ಆಮೇಲೆ ಅದೇ ಜಗಲಿಯಲ್ಲಿ ಎಷ್ಟೋ ವರ್ಷ ಅಡಿಕೆಯ ಕೊಳೆರೋಗ, ತಾಳಮದ್ದಳೆ, ಪಂಚಾಯತಿನ ರಸ್ತೆ, ಎಲ್ಲವನ್ನೂ ಮಾತಾಡಿದೆವು. ಆ ಒಂದು ವಿಷಯ ಬಿಟ್ಟು. ನಾಳೆ ಹೇಳಿದರಾಯಿತು ಎಂದುಕೊಂಡೆ… ಅವರು ತಾವಾಗಿ ಮತ್ತೆ ಕೇಳಲೂ ಇಲ್ಲ. ಕಳೆದ ಮಳೆಗಾಲದಲ್ಲಿ ತೀರಿಕೊಂಡರು.

ಇಂದು ಬೆಳಿಗ್ಗೆ ಕೆನ್ನೆಯ ಊತ ಇಳಿದಿತ್ತು. ಇನ್ನು ಎಷ್ಟು ಬೇಕಾದರೂ ಮಾತಾಡಬಹುದು ಎಂದು ಡಾಕ್ಟರರು ಫೋನಿನಲ್ಲಿ ಹೇಳಿದರು. ನಾನು ಬೇಲಿಯ ತನಕ ಹೋಗಿ ನಿಂತೆ. ಆ ಮನೆಯಲ್ಲೀಗ ಬಾಡಿಗೆಗೆ ಬಂದವರಿದ್ದಾರೆ, ಒಳ್ಳೆಯ ಜನ. ಎಂತ ಬೇಕಿತ್ತು ಎಂದು ಕೇಳಿದರು.

ಏನೂ ಇಲ್ಲ ಎಂದೆ.