ಪ್ಯಾರಿಬಿ ಕಾಯ್ದ ಫ್ರಿಜ್ಜು

ಪ್ಯಾರಿಬಿ ಖಾಲಾಗೆ ಹುಚ್ಚು ಹಿಡಿದಿತ್ತು ಎಂದು ಅಫಜಲಪುರದ ನಮ್ಮ ಗಲ್ಲಿಯವರು ಇವತ್ತಿಗೂ ಹೇಳುತ್ತಾರೆ. ಹಾಗೆ ಹೇಳಿದವರ ಅಂಗಿ ಕೊರಳು ನಾನು ಎರಡು ಸಲ ಹಿಡಿದಿದ್ದೇನೆ. ಅವಳನ್ನು ಹುಚ್ಚಿ ಎಂದು ಮೊದಲು ಕರೆದವನು ನಾನೇ ಎಂಬುದು ಅವರಿಗೆ ಗೊತ್ತಿಲ್ಲ.

ಅವಳು ನನ್ನ ತಾಯಿಯ ತಂಗಿ. ಇಜೇರಿ ಊರಿಗೆ ಕೊಟ್ಟಿದ್ದರು. ಗಂಡ ಬೇಗ ಸತ್ತ. ಮಕ್ಕಳಿಬ್ಬರು: ಮಹಮ್ಮದ ಎಂಟು ವರ್ಷದವನು, ಚಾಂದಬಿ ಐದು ವರ್ಷದವಳು. ಅವರನ್ನು ಕೂಲಿ ಮಾಡಿ ಸಾಕುತ್ತಿದ್ದಳು. 1974ರ ಬೇಸಿಗೆಯಲ್ಲಿ ಶೇಂಗಾ ಕೀಳಲು ಭೀಮಾ ದಂಡೆಯ ಊರೊಂದಕ್ಕೆ ನಾಲ್ಕು ದಿನಕ್ಕೆಂದು ಹೋದಳು. ಹೋಗುವಾಗ ಅನ್ನ ಮಾಡಿಟ್ಟಳು. ಯಾರೋ ಕೊಟ್ಟ ಹಸಿ ಮಾಂಸವನ್ನು ಬೆಕ್ಕು ಮುಟ್ಟಬಾರದೆಂದು ಬುಟ್ಟಿಯಲ್ಲಿ ಹಾಕಿ ಜಂತಿಯ ನೆಲುವಿಗೆ ತೂಗುಬಿಟ್ಟಳು. ಅದರ ಕೆಳಗೇ ಮುಚ್ಚಳವಿಲ್ಲದ ಅನ್ನದ ಗಡಿಗೆ. ಮಾಂಸವನ್ನು ನೆರೆಯವಳು ಬೇಯಿಸಿ ಕೊಡಬೇಕೆಂದು ಮಾತಾಗಿತ್ತು. ಮಕ್ಕಳು ಅಷ್ಟರೊಳಗೆ ಅನ್ನ ಉಂಡವು.

ಅವಳು ಮರಳಿ ಬಂದಾಗ ಎರಡೂ ಗೋರಿಗಳ ಮೇಲಿನ ಮಣ್ಣು ಆರಿತ್ತು. ಊರವರು ಗಾಳಿ ಸೋಂಕಿತೆಂದರು, ನಜರ್ ಆಯಿತೆಂದರು. ಅವಳು ಯಾರ ಮಾತಿಗೂ ಹೂಂ ಅನ್ನಲಿಲ್ಲ. ಗಡಿಗೆಯ ಅಂಚಿನಲ್ಲಿ ಒಣಗಿದ ಕಂದು ಹನಿಗಳನ್ನು ಬೆರಳಿನಿಂದ ಕೆರೆದು ಮೂಸಿ ನೋಡಿದಳಂತೆ. ಆಮೇಲೆ ಟ್ರಂಕು ಹೊತ್ತುಕೊಂಡು ನಮ್ಮ ಮನೆಗೆ ಬಂದಳು.

ನನ್ನದು ಪಂಪಿನ ಮೋಟರ್ ಸುತ್ತುವ ಕೆಲಸ. ನಾಲ್ಕನೇ ಇಯತ್ತೆಯಲ್ಲಿ ಮಾಸ್ತರನ ಕೈಯಿಂದ ಬೆತ್ತ ಕಸಿದು ಮುರಿದೆ, ಅಲ್ಲಿಗೆ ಸಾಲೆ ಮುಗಿಯಿತು. 1989ರಲ್ಲಿ ವರ್ಗವಾಗಿ ಹೋಗುತ್ತಿದ್ದ ಒಬ್ಬ ಸಾಹೇಬರ ಹಳೇ ಫ್ರಿಜ್ಜು ಕೊಂಡು ತಂದೆ. ಗಲ್ಲಿಗೇ ಅದೊಂದು. ಮೊದಲ ದಿನ ನಾನು ಬಾಗಿಲು ತೆರೆದಾಗ ಒಳಗಿನ ದೀಪ ಹತ್ತಿತು. ಖಾಲಾ ಬಗ್ಗಿ, ಆ ಬೆಳಕಿನೊಳಗೆ ಬಹಳ ಹೊತ್ತು ನೋಡಿದಳು.

“ಒಳಗ ಇಷ್ಟು ಜಾಗಾ ಐತಲ್ಲೋ,” ಅಂದಳು.

“ಹೌದು ಮತ್ತ. ಹಾಲು, ಹಿಟ್ಟು, ಕಾಯಿಪಲ್ಯ ಎಲ್ಲಾ ಹಿಡೀತೈತಿ.”

“ಇಬ್ಬರು ಹಿಡೀತಾರ,” ಅಂದಳು ಖಾಲಾ.

ಅಂದಿನಿಂದ ಫ್ರಿಜ್ಜು ಅವಳ ಸುಪರ್ದಿಗೆ ಹೋಯಿತು. ಹಸಿ ಮಾಂಸ ಎಲ್ಲಕ್ಕಿಂತ ಕೆಳಗೆ, ಆಳವಾದ ಬೋಗುಣಿಯಲ್ಲಿ, ಮೇಲೊಂದು ತಾಟು. ಬೆಂದದ್ದು ಮೇಲಿನ ಹಲಗೆಗೆ, ಅದಕ್ಕೂ ಮುಚ್ಚಳ. ಬಿಸಿ ಪಾತ್ರೆ ತಂದವರನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತಿದ್ದಳು. ಪಾತ್ರೆಗೆ ಪಾತ್ರೆ ತಾಗಿಸಿ ತುರುಕಿದರೆ ಒಂದನ್ನು ಎತ್ತಿ ಹೊರಗಿಡುತ್ತಿದ್ದಳು, “ನಡುವ ಗಾಳಿ ಆಡಬೇಕು ಬೇ, ಉಸಿರು ಕಟ್ತದ,” ಎಂದು. ದಿನಕ್ಕೆ ಹತ್ತು ಸಲ ಹಲಗೆಗಳ ಕೆಳಗೆ ಕೈಯಾಡಿಸಿ ಬೆರಳು ಮೂಸುತ್ತಿದ್ದಳು. ಇಷ್ಟೇ ಆಗಿದ್ದರೆ ನನ್ನದೇನೂ ತಕರಾರಿರಲಿಲ್ಲ. ಗಲ್ಲಿಯಲ್ಲಿ ಎಲ್ಲರ ಹೊಟ್ಟೆ ಕೆಟ್ಟಾಗಲೂ ನಮ್ಮ ಮನೆಯಲ್ಲಿ ಯಾರೂ ಹಾಸಿಗೆ ಹಿಡಿಯಲಿಲ್ಲ.

ಆದರೆ ಹಳೇ ಫ್ರಿಜ್ಜಿನ ಮೋಟರು ನಿಲ್ಲುವಾಗ ಒಮ್ಮೆ ಗಡಗಡ ನಡುಗಿ ನಿಲ್ಲುತ್ತದೆ. ಅದು ನಿಂತಾಗಲೆಲ್ಲ ಖಾಲಾ ಮೆಲ್ಲಗೆ, “ಹೋದರು,” ಅನ್ನುತ್ತಿದ್ದಳು. ಮತ್ತೆ ಶುರುವಾದರೆ, “ಬಂದರು.” ಕರೆಂಟು ಹೋದ ದಿನ ಬಾಗಿಲಿನ ಕಡೆ ನೋಡುತ್ತ ಕೂಡುತ್ತಿದ್ದಳು. “ಇವತ್ತ ಹೊರಗ ನಿಂತಾರ.”

ಒಂದು ದಿನ ನನ್ನ ಆರು ವರ್ಷದ ಮಗಳು ಅಮೀರುನ್ನಿಸಾ ಫ್ರಿಜ್ಜಿನ ಮುಂದೆ ಕೂತು ರೊಟ್ಟಿ ತಿನ್ನುತ್ತಿದ್ದಳು. ಗೋಡೆಗೆ ಒತ್ತಿ ಕೂತಿದ್ದಳು, ಪಕ್ಕದಲ್ಲಿ ಜಾಗ ಬಿಟ್ಟು.

“ಅಷ್ಟು ಸರಕೊಂಡು ಯಾಕ ಕುಂತೀ ಬೇ?”

“ಚಾಂದಬಿಗೆ ಜಾಗಾ ಬೇಕಲ್ಲ, ಅಬ್ಬಾ.”

ನನ್ನ ಮೈಯೆಲ್ಲ ಉರಿಯಿತು. ಅಡಿಗೆಮನೆಗೆ ನುಗ್ಗಿ, “ಹುಚ್ಚಿ! ನಿನ್ನ ಸತ್ತ ಮಕ್ಕಳನ್ನ ನನ್ನ ಮಗಳ ಮೈಮ್ಯಾಲ ಬಿಡ್ತೀಯೇನು?” ಎಂದು ಕೂಗಾಡಿದೆ. ಫ್ರಿಜ್ಜಿಗೆ ಕೀಲಿ ಇತ್ತು. ಹಾಕಿ ಕಿಸೆಯಲ್ಲಿಟ್ಟುಕೊಂಡೆ. “ಇನ್ನ ಮ್ಯಾಲ ಇದಕ್ಕ ಕೈ ಹಚ್ಚಿದರ ನೋಡು.”

ಇದಾಗಿ ಎಂಟು ದಿನಕ್ಕೆ ಬಕ್ರೀದ್. ಅದು 1991ರ ಜೂನ್. ಹೆಂಡತಿ ಮಗಳನ್ನು ಕರೆದುಕೊಂಡು ಜೇವರ್ಗಿಯ ತವರಿಗೆ ಹೋಗಿದ್ದಳು, ಮರುದಿನ ಬರುವವಳು. ಮನೆಯಲ್ಲಿ ನಾನು ಮತ್ತು ಖಾಲಾ. ಕುರ್ಬಾನಿಯ ಪಾಲುಗಳು ಮಧ್ಯಾಹ್ನದಿಂದ ಬರತೊಡಗಿದವು. ಹಬ್ಬದ ಪಾಲನ್ನು ಬೇಡ ಅನ್ನುವಂತಿಲ್ಲ. ಏಳು ಮನೆಯ ಮಾಂಸ ಬಂತು. ಕೆಳಗೆ ತುಂಬಿತು. ಉಳಿದದ್ದನ್ನು ತಾಟಿನಲ್ಲಿ ಹಾಕಿ ಮೇಲಿನ ಹಲಗೆಗೆ ನೂಕಿದೆ. ಸಂಜೆಗೆ ಕರಜಗಿಯಿಂದ ನನ್ನ ತಂಗಿ ಕರೀಮುನ್ನಿಸಾ ನನ್ನ ಮಗಳಿಗೆಂದು ಖೀರು ಕಳಿಸಿದಳು. ಬಟ್ಟಲಿನ ಮೇಲೆ ಜರಿಯ ಕೆಂಪು ಸರಪೋಸು ಕಟ್ಟಿತ್ತು. ಹಾಗೆ ಬಟ್ಟೆ ಕಟ್ಟಿ ಬಂದ ಬಟ್ಟಲನ್ನು ಯಾರಿಗೆ ಕಳಿಸಿದ್ದಾರೋ ಅವರೇ ಬಿಚ್ಚಬೇಕು, ನಮ್ಮಲ್ಲಿ ಅದು ರೂಢಿ. ಬಿಚ್ಚಿ ಮುಚ್ಚಳ ಹಾಕುವ ಮಾತೇ ಇಲ್ಲ. ಮಾಂಸದ ತಾಟಿನ ಕೆಳಗೆ ಒಂದಿಷ್ಟು ಜಾಗ ಉಳಿದಿತ್ತು. ಅಲ್ಲಿಟ್ಟು ಕೀಲಿ ಹಾಕಿದೆ.

ಖಾಲಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಲಾಡ್ಲೆಸಾಬ, ಹಸೀದು ಮ್ಯಾಲ ಇಟ್ಟೀದಿ.”

“ಎಲ್ಲಾ ಥಂಡಾನ ಅದ. ಸುಮ್ಮಿರು.”

ಅಷ್ಟರಲ್ಲಿ ಕರೆಂಟು ಹೋಯಿತು. ಖಾಲಾ ಬಂದು ಫ್ರಿಜ್ಜಿನ ಬಾಗಿಲಿಗೆ ಕಿವಿ ಹಚ್ಚಿ ಕೂತಳು. ಬೆಳಗ್ಗೆ ನಾನು ಎದ್ದು ನೋಡಿದರೆ ಹಾಗೇ ಕೂತಿದ್ದಳು, ಕಣ್ಣು ತೆರೆದುಕೊಂಡು.

“ಕೀಲಿ ಕೊಡು. ಒಳಗ ತೊಟ್ಟಿಕ್ಕಾಕತ್ತೈತಿ.”

“ಬರ್ಫ ಕರಗಾಕತ್ತೈತಿ, ಮತ್ತೇನು!”

“ಬರ್ಫಿನ ಸಪ್ಪಳ ನನಗ ಗೊತ್ತೈತಿ,” ಅಂದಳು. “ಇದು ಬ್ಯಾರೆ.”

ಒಂಬತ್ತಕ್ಕೆ ಕರೆಂಟು ಬಂತು. ಮೋಟರು ಶುರುವಾಯಿತು. ಖಾಲಾ “ಬಂದರು” ಅನ್ನಲಿಲ್ಲ. ಕೈಯಿಂದ ಬಾಯಿ ಮುಚ್ಚಿಕೊಂಡಳು.

ಹತ್ತರ ಬಸ್ಸಿಗೆ ಹೆಂಡತಿಯ ಜೊತೆ ಮಗಳು ಬಂದಳು. ಅತ್ತೆ ಖೀರು ಕಳಿಸಿದ್ದಾಳೆ ಎಂದದ್ದೇ ತಡ, ಚಮಚ ಹಿಡಿದು ನಿಂತಳು. ನಾನು ಬಾಗಿಲು ತೆರೆದೆ. ದೀಪ ಹತ್ತಿತು. ಒಳಗೆಲ್ಲ ಪಸೆ. ಬಟ್ಟಲು ತಣ್ಣಗೆ ಕೈಗೆ ಹತ್ತಿತು. ಸರಪೋಸು ಹೇಗೆ ಬಂದಿತ್ತೋ ಹಾಗೇ ಕೆಂಪಗಿತ್ತು. ಮಗಳು ಗಂಟು ಬಿಚ್ಚಿದಳು. ಖೀರು ಬೆಳ್ಳಗಿತ್ತು, ನಡುವೆ ನಸುಗೆಂಪು ಬಣ್ಣದ ಒಂದು ಗೆರೆ. ಕೇಸರಿ ಇರಬೇಕು ಅಂದುಕೊಂಡೆ.

ಖಾಲಾ ಆ ಬಟ್ಟೆಯನ್ನು ಎತ್ತಿ ಹಿಂಡಿದಳು. ಬೆರಳ ಸಂದಿಯಿಂದ ನೀರಿಳಿಯಿತು. ಮೂಸಿದಳು. ನನ್ನ ಮಗಳ ಕಡೆ ತಿರುಗಿ, “ಚಾಂದಬಿ, ಬ್ಯಾಡವ್ವ,” ಅಂದು ಬಟ್ಟಲು ಕಸಿದುಕೊಂಡಳು.

ನನಗೆ ಕಣ್ಣು ಕಾಣಲಿಲ್ಲ. “ಅಕೀ ಹೆಸರು ಅಮೀರುನ್ನಿಸಾ! ಕೊಡು ಇಲ್ಲಿ! ನನ್ನ ತಂಗಿ ಕಳಿಸಿದ್ದು ಅದು. ಚೆಲ್ಲಿದರ ಇವತ್ತ ನಿನ್ನ ಟ್ರಂಕು ಬೀದಿಗೆ ಒಗೀತೇನಿ!” ಬಟ್ಟಲಿಗೆ ಕೈ ಹಾಕಿ ಎಳೆದೆ. ಅವಳು ಬಿಡಲಿಲ್ಲ. “ಮಗಳ ಪಾಲು ಅದು, ಅಕೀ ತಿಂತಾಳ!”

“ಚೆಲ್ಲೂದಿಲ್ಲ ತಗೋ,” ಅಂದಳು.

ಬಟ್ಟಲನ್ನು ಬಾಯಿಗೆ ಎತ್ತಿದಳು. ತೆರೆದ ಫ್ರಿಜ್ಜಿನ ಮುಂದೆ ನಿಂತು, ಆ ಬೆಳಕಿನ ಕಡೆ ನೋಡುತ್ತ, ಗುಟುಕು ಗುಟುಕಾಗಿ ಪೂರಾ ಕುಡಿದಳು. ತಳದಲ್ಲಿ ಉಳಿದದ್ದನ್ನು ಬೆರಳಿನಿಂದ ಬಳಿದು ನೆಕ್ಕಿದಳು. ಮಗಳು ಹೋ ಎಂದು ಅತ್ತಳು. ನಾನು ಬಾಯಿಗೆ ಬಂದಂತೆ ಬೈದು ದುಕಾನಿಗೆ ಹೋದೆ.

ಸಂಜೆಗೆ ಹೆಂಡತಿ ಹೇಳಿಕಳಿಸಿದಳು. ನಾನು ಬರುವಷ್ಟರಲ್ಲಿ ಖಾಲಾ ವಾಂತಿಭೇದಿಯಾಗಿ ಬಚ್ಚಲಲ್ಲಿ ಬಿದ್ದಿದ್ದಳು, ಕೈಕಾಲು ಹಗ್ಗದಂತೆ ಹುರಿಗಟ್ಟಿದ್ದವು. ಹೊತ್ತುಕೊಂಡು ದವಾಖಾನೆಗೆ ಓಡಿದೆ. ಒಂದರ ಹಿಂದೊಂದು ಸಲಾಯಿನ್ ಬಾಟ್ಲಿ ಏರಿಸಿದರು. “ಏನು ತಿಂದಿದ್ದರು?” ಎಂದು ಡಾಕ್ಟರು ಕೇಳಿದರು. ಹೇಳಿದೆ. ಅವರು ನನ್ನ ಕಡೆ ನೋಡಲಿಲ್ಲ. “ಸಣ್ಣ ಕೂಸು ತಿಂದಿದ್ದರ ಬಾಟ್ಲಿ ಹಚ್ಚೂದರಾಗ ಮುಗೀತಿತ್ರಿ,” ಅಂದರು.

ಮೂರನೆಯ ದಿನ ಅವಳು ಕಣ್ಣು ಬಿಟ್ಟಳು. ಮುಖ ಅರ್ಧಕ್ಕೆ ಇಳಿದಿತ್ತು. ನಾನು ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತಿದ್ದೆ. “ಖಾಲಾ, ಭಾಳ ನೋವಾತೇನು?” ಅಂದೆ.

ಅವಳು ನಕ್ಕಳು. ಅಂಥ ನಗೆ ಅವಳ ಮುಖದ ಮೇಲೆ ನಾನು ಕಂಡೇ ಇರಲಿಲ್ಲ. ಕೈ ಚಾಚಿ ನನ್ನ ತಲೆ ಮುಟ್ಟಿದಳು, ಸಣ್ಣ ಹುಡುಗರಿಗೆ ಮುಟ್ಟುವ ಹಾಗೆ.

“ಹದಿನೇಳು ವರ್ಷ ಎಲ್ಲಾರನೂ ಕೇಳೀನಿ ಲಾಡ್ಲ್ಯಾ, ನನ್ನ ಕೂಸುಗಳಿಗೆ ಎಷ್ಟು ನೋವಾಗಿತ್ತು ಅಂತ. ಒಬ್ಬರೂ ಹೇಳಲಿಲ್ಲ,” ಅಂದಳು. “ಈಗ ಗೊತ್ತಾತು.”